ಮಳೆ ರಜೆಗೆ ಯಾವ ಕಾಗದದ ಆಟ? ಹರಿಯುವುದೋ, ಮಡಚುವುದೋ, ಕತ್ತರಿಸುವುದೋ, ಹೆಣೆಯುವುದೋ

ರಾತ್ರಿ ಎಂಟೂವರೆಗೆ ವಾಟ್ಸಾಪ್ ಟಿಂಗ್ ಅಂದಿತು. ಕಲೆಕ್ಟರರ ಆದೇಶ. ನಾಳೆ ಕಾಸರಗೋಡು ಜಿಲ್ಲೆಯ ಶಾಲೆ, ಅಂಗನವಾಡಿಗಳಿಗೆಲ್ಲ ರಜೆ. ರೆಡ್ ಅಲರ್ಟ್ ಅಂದರೆ 24 ಗಂಟೆಯಲ್ಲಿ 20 ಸೆಂಟಿಮೀಟರಿಗಿಂತ ಜಾಸ್ತಿ ಮಳೆ ಬೀಳಬಹುದು ಅಂತ ಲೆಕ್ಕ. ಮಗಳು ಕುಣಿದಳು. ಎಂತದ್ದು ಅಂತ ಗೊತ್ತಾಗದಿದ್ದರೂ ಅಕ್ಕ ಕುಣಿದಳೆಂದು ಮಗನೂ ಕುಣಿದ. ನಾನು ಮಾತ್ರ ಬೇರೆ ಲೆಕ್ಕ ಹಾಕಿದೆ. ಕರೆಂಟು ಇರುವುದಿಲ್ಲ. ಅಂಗಳಕ್ಕೆ ಇಳಿಯುವ ಹಾಗಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಜಗಲಿಯಲ್ಲಿ ಎರಡು ಮಕ್ಕಳು.

ಮಗಳಿಗೆ ಆರು ವರ್ಷ, ಮಗನಿಗೆ ಮೂರೂವರೆ. ಮನೆ ಬದಿಯಡ್ಕದಿಂದ ಒಳಗೆ, ಅಡಿಕೆ ತೋಟದ ನಡುವೆ. ಒಂದು ಬಣ್ಣದ ಕಾಗದ ಬೇಕೆಂದರೆ ಓಡಿಹೋಗಿ ತರುವಷ್ಟು ಹತ್ತಿರ ಅಂಗಡಿ ಇಲ್ಲ. ಮೂರು ಮಳೆಗಾಲ ಮನೆಯಲ್ಲಿದ್ದ ಕಾಗದದಲ್ಲೇ ಮಕ್ಕಳನ್ನು ಆಡಿಸಿ ನೋಡಿದ್ದೇನೆ. ಯಾವ ಆಟ ಯಾವ ಮಗುವಿಗೆ, ಯಾವ ದಿನಕ್ಕೆ ಆಗುತ್ತದೆ ಅನ್ನುವುದು ಈಗ ಸ್ವಲ್ಪ ಗೊತ್ತಾಗಿದೆ.

ಮೊದಲ ವರ್ಷ ನಾನು ಮೊಬೈಲಿನಲ್ಲಿ ಚೆಂದ ಕಂಡದ್ದನ್ನು ಆರಿಸಿದೆ. ಕಾಗದದ ನವಿಲು. ಅದಕ್ಕೆ 30 ಗರಿ. 28 ಗರಿ ನಾನು ಕತ್ತರಿಸಿದೆ. ಮಗಳು ಎರಡು ಕತ್ತರಿಸಿ ಬೆಕ್ಕಿನ ಹಿಂದೆ ಹೋದಳು. ಆ ನವಿಲು ಈಗಲೂ ಕಪಾಟಿನ ಮೇಲೆ ಉಂಟು. ಬಂದವರೆಲ್ಲ ಮಗಳನ್ನು ಹೊಗಳುತ್ತಾರೆ. ಅವಳು ಸುಮ್ನೆ ನನ್ನ ಮುಖ ನೋಡುತ್ತಾಳೆ.

ಆಮೇಲೆ ನಾನು ಮುಗಿದ ವಸ್ತು ಹೇಗೆ ಕಾಣುತ್ತದೆ ಅಂತ ನೋಡುವುದು ಬಿಟ್ಟೆ. ನಡುವೆ ನನ್ನ ಕೈ ಎಷ್ಟು ಸಲ ಹೋಗಬೇಕಾಗುತ್ತದೆ ಅಂತ ನೋಡುತ್ತೇನೆ. ಮತ್ತೆ, ಆ ದಿನ ಗಾಳಿಯಲ್ಲಿ ತೇವ ಎಷ್ಟುಂಟು ಅಂತ. ನಮ್ಮ ಕಡೆಯ ಜೂನ್, ಜುಲೈಯಲ್ಲಿ ಈ ಎರಡನೆಯದನ್ನು ಮರೆತರೆ ಯಾವ ಆಟವೂ ನಡೆಯುವುದಿಲ್ಲ.

ಮೂರು, ನಾಲ್ಕು ವರ್ಷಕ್ಕೆ ಹರಿಯುವುದು

ಕಾಗದ ಹರಿಯುವುದು ಒಂದು ಕೆಲಸವಾ ಅಂತ ಕೇಳಬೇಡಿ. ಮೂರೂವರೆಯ ಹುಡುಗ ಹರಿಯುವುದನ್ನು ಒಮ್ಮೆ ಹತ್ತಿರ ಕೂತು ನೋಡಿ. ಮೊದಲು ಎರಡೂ ಮುಷ್ಟಿಯಲ್ಲಿ ಹಿಡಿದು ಅತ್ತ ಇತ್ತ ಎಳೆಯುತ್ತಾನೆ. ಕಾಗದ ಹರಿಯುವುದಿಲ್ಲ, ಮುದ್ದೆಯಾಗುತ್ತದೆ. ಸಿಟ್ಟು ಬರುತ್ತದೆ. ಆಗ ನಾನು ಅಂಚಿನಲ್ಲಿ ಒಂದು ಸಣ್ಣ ಸೀಳು ಮಾಡಿ ಕೊಡುತ್ತೇನೆ. ಸೀಳಿನ ಆಚೆ ಈಚೆ ಹೆಬ್ಬೆರಳು, ತೋರುಬೆರಳಿನಲ್ಲಿ ಚಿವುಟಿ ಹಿಡಿದು, ಒಂದು ಕೈ ತನ್ನ ಕಡೆಗೆ, ಇನ್ನೊಂದು ಕೈ ಆಚೆಗೆ. ಪರ್ರ್ ಅಂತ ಸದ್ದು ಬಂದ ಕೂಡಲೇ ಅವನ ಮುಖ ಅರಳುತ್ತದೆ. ಆಮೇಲೆ ಅರ್ಧ ಗಂಟೆ ನನ್ನ ಅಗತ್ಯ ಇಲ್ಲ. ನಾಳೆ ಕತ್ತರಿ ಹಿಡಿಯುವುದಕ್ಕೂ ಪೆನ್ಸಿಲ್ ಹಿಡಿಯುವುದಕ್ಕೂ ಬೇಕಾಗುವುದು ಇದೇ ಚಿವುಟುವ ಹಿಡಿತ.

ದಿನಪತ್ರಿಕೆಯನ್ನು ಮೇಲಿಂದ ಕೆಳಕ್ಕೆ ಹರಿದರೆ ನೆಟ್ಟಗೆ ಉದ್ದ ಪಟ್ಟಿ ಬರುತ್ತದೆ. ಅಡ್ಡಕ್ಕೆ ಹರಿದರೆ ಸೊಟ್ಟ ಸೊಟ್ಟ. ಕಾರ್ಖಾನೆಯಲ್ಲಿ ಕಾಗದ ಓಡುವ ದಿಕ್ಕಿಗೇ ಅದರ ನಾರುಗಳೂ ಮಲಗಿರುತ್ತವೆ, ಹಾಗಾಗಿ. ಅಡಿಕೆಯ ಹಾಳೆಯನ್ನು ಉದ್ದಕ್ಕೆ ಸೀಳಿದ ಹಾಗೆಯೇ ಅಂದರೆ ನಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತದೆ. ಅಂದಹಾಗೆ, ಇಲ್ಲಿ ಮಕ್ಕಳಿಗೆ ‘ಒಂದು ಹಾಳೆ ತಾ’ ಅಂದರೆ ತೋಟದಿಂದ ಅಡಿಕೆ ಹಾಳೆಯೇ ಬರುತ್ತದೆ. ನೋಟ್ ಪುಸ್ತಕದ ಹಾಳೆ ಬೇಕಿದ್ದರೆ ‘ಪೇಪರ್’ ಅನ್ನಬೇಕು. ಬಂದ ಹಾಳೆಯೂ ದಂಡವಲ್ಲ. ಚೂರುಗಳನ್ನು ಹಾಕಿಡಲು ಅದಕ್ಕಿಂತ ಒಳ್ಳೆಯ ತಟ್ಟೆ ಇಲ್ಲ.

ಹರಿದ ಚೂರುಗಳಿಂದ ಏನು ಮಾಡುವುದು? ಅಂಟಿಸಿ ಅಕ್ಷರ ಮಾಡಬಹುದು. ನಾನು ಪೆನ್ಸಿಲಿನಲ್ಲಿ ದೊಡ್ಡದಾಗಿ ಬರೆದು ಕೊಡುತ್ತೇನೆ, ಅವರು ತುಂಬಿಸುತ್ತಾರೆ. ಕನ್ನಡದ ಅಕ್ಷರಗಳೆಲ್ಲ ಗುಂಡಗೆ, ಹರಿದ ಚೂರು ಚೆನ್ನಾಗಿ ಕೂರುತ್ತದೆ. ಮಗಳು ಒಮ್ಮೆ ‘ಠ’ ಮಾಡಿ, ನಡುವಿನ ಚುಕ್ಕೆ ಅಂಟಿಸಲು ಮರೆತಳು. ‘ಅಮ್ಮಾ, ಇದು ಮಲಯಾಳದ ಠ ಆಯ್ತು’ ಅಂದಳು. ಹೌದು, ಮಲಯಾಳದಲ್ಲಿ ಅದು ಬರೀ ವೃತ್ತ, ಚುಕ್ಕೆ ಇಲ್ಲ. ಬಸ್ಸಿನ ಬೋರ್ಡು ನೋಡಿ ಕಲಿತದ್ದು.

ಅಂಟಿಸುವುದೂ ಬೇಡ ಅಂತಾದರೆ ಪೂಕಳಂ ಮಾಡಿಸಿ. ಓಣಂ ಹೊತ್ತಿಗೆ ಶಾಲೆಯಲ್ಲಿ ಹೂವಿನದ್ದು ನೋಡಿರುತ್ತಾರಲ್ಲ, ಅದನ್ನೇ ಕಾಗದದಲ್ಲಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಮೂರು ವೃತ್ತ, ಒಂದೊಂದು ವೃತ್ತಕ್ಕೆ ಒಂದೊಂದು ಬಣ್ಣದ ಚೂರು. ಗೋಂದು ಇಲ್ಲ, ಒಣಗಿಸುವ ಕೆಲಸ ಇಲ್ಲ. ಫ್ಯಾನ್ ಮಾತ್ರ ಹಾಕಬಾರದು. ಕರೆಂಟು ಇಲ್ಲದ ದಿನಕ್ಕೆ ಹೇಳಿ ಮಾಡಿಸಿದ ಆಟ.

ಆಡಿ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಸಿ. ಪತ್ರಿಕೆಯ ಮಸಿ ಬೆರಳಿಗೆ ಹತ್ತುತ್ತದೆ, ಬೆರಳು ಬಾಯಿಗೆ ಹೋಗುತ್ತದೆ. ತಿಂಡಿಯನ್ನು ಪತ್ರಿಕೆಯಲ್ಲಿ ಕಟ್ಟಬಾರದು ಅಂತ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಎಫ್‌ಎಸ್‌ಎಸ್‌ಎಐ ಹೇಳುವುದೂ ಈ ಮಸಿಯ ಕಾರಣಕ್ಕೇ.

ಅಂಟಿನ ವಿಷಯ

ಮಳೆಗಾಲದಲ್ಲಿ ಯಾವ ಆಟ ಅನ್ನುವುದಕ್ಕಿಂತ ಯಾವ ಅಂಟು ಅನ್ನುವುದೇ ದೊಡ್ಡ ಪ್ರಶ್ನೆ. ಬಿಳಿ ಫೆವಿಕಾಲ್ ಗಟ್ಟಿ ಹಿಡಿಯುತ್ತದೆ, ನಿಜ. ಆದರೆ ಅದರಲ್ಲಿ ನೀರು ಉಂಟು. ತೆಳು ಕಾಗದ ಸುಕ್ಕುಗಟ್ಟುತ್ತದೆ, ಒದ್ದೆ ಗಾಳಿಯಲ್ಲಿ ಬೇಗ ಒಣಗುವುದೂ ಇಲ್ಲ. ಸಣ್ಣ ಮಕ್ಕಳು ಮೂರು ಹನಿ ಸಾಕಾದಲ್ಲಿ ಮೂವತ್ತು ಹನಿ ಸುರಿಯುತ್ತಾರೆ. ಗ್ಲೂ ಸ್ಟಿಕ್ಕಿನಲ್ಲಿ ನೀರು ಕಡಿಮೆ, ಮಳೆಗಾಲಕ್ಕೆ ನಾನು ಅದನ್ನೇ ಆರಿಸುತ್ತೇನೆ. ಮುಚ್ಚಳ ಹಾಕದೆ ಬಿಟ್ಟರೆ ಅದರ ಕಥೆ ಅಲ್ಲಿಗೇ ಮುಗಿಯಿತು.

ಎರಡೂ ಇಲ್ಲದಿದ್ದರೆ ಅನ್ನ. ಆದರೆ ನಮ್ಮಲ್ಲಿ ದಿನಾ ಬೇಯುವ ಕುಚ್ಚಲಕ್ಕಿ ಅನ್ನ ಅಷ್ಟು ಅಂಟುವುದಿಲ್ಲ, ಉದುರು ಉದುರು. ಬೆಳ್ತಿಗೆ, ಅಂದರೆ ಬಿಳಿ ಅಕ್ಕಿಯ ಅನ್ನ ಬೇಕು. ಬಿಸಿ ಇರುವಾಗಲೇ ಎರಡು ಅಗುಳು ಬೆರಳಲ್ಲಿ ನುರಿದರೆ ಆಯಿತು. ಮೈದಾ ಅಂಟಾದರೆ ಒಂದು ಲೋಟ ಮೈದಾಕ್ಕೆ ನಾಲ್ಕೈದು ಲೋಟ ನೀರು, ಗಂಟಾಗದ ಹಾಗೆ ಕಲಸಿ ಹೊಳಪು ಬರುವವರೆಗೆ ಕಾಯಿಸುವುದು. ಮಳೆಗಾಲದಲ್ಲಿ ಮರುದಿನಕ್ಕೇ ಹುಳಿ ವಾಸನೆ, ಹಾಗಾಗಿ ಬೇಕಾದಷ್ಟೇ ಮಾಡಿ.

ಇಲ್ಲೊಂದು ಎಚ್ಚರಿಕೆ. ಪುಸ್ತಕ ಬೈಂಡ್ ಮಾಡುವವರು ಹುಳ ತಿನ್ನಬಾರದೆಂದು ಮೈದಾ ಅಂಟಿಗೆ ಮೈಲುತುತ್ತು (ಕಾಪರ್ ಸಲ್ಫೇಟ್) ಸೇರಿಸುವುದುಂಟು. ಅಡಿಕೆಗೆ ಬೋರ್ಡೋ ದ್ರಾವಣದ ಮದ್ದು ಹೊಡೆಯುವ ಮನೆಗಳಲ್ಲಿ ಅದು ಹೇಗೂ ಇರುತ್ತದೆ, ಜೂನ್ ತಿಂಗಳಲ್ಲಂತೂ ಕೈಗೆ ಸಿಗುವ ಹಾಗೆಯೇ ಇರುತ್ತದೆ. ಮಕ್ಕಳ ಅಂಟಿಗೆ ಅದನ್ನು ಒಂದು ಚಿಟಿಕೆಯೂ ಹಾಕಬೇಡಿ. ಅದು ವಿಷ. ನೀಲಿ ಹರಳು ಮಕ್ಕಳಿಗೆ ಕಲ್ಲುಸಕ್ಕರೆಯ ಹಾಗೆ ಕಾಣುತ್ತದೆ. ಮೊದಲು ಅದನ್ನು ಬೀಗದೊಳಗೆ ಇಡಿ, ಆಮೇಲೆ ಆಟ.

ಐದು ದಾಟಿದ ಮೇಲೆ ಮಡಚುವುದು

ಅಂಟು ಬೇಡ, ಕತ್ತರಿ ಬೇಡ, ಒಂದು ಕಾಗದ ಸಾಕು. ಈ ಲೆಕ್ಕದಲ್ಲಿ ಮಡಚುವುದೇ ಎಲ್ಲಕ್ಕಿಂತ ಮುಂದೆ. ಆದರೆ ಮೂಲೆಗೆ ಮೂಲೆ ಸೇರಿಸುವ ತಾಳ್ಮೆ ಸಣ್ಣ ಮಕ್ಕಳಿಗಿಲ್ಲ. ಮೂರೂವರೆಯ ಮಗನಿಗೆ ಮಡಚಲು ಹೇಳಿದರೆ ದೋಸೆ ಮಡಚಿದ ಹಾಗೆ ಮಡಚುತ್ತಾನೆ.

ಯಾವ ಕಾಗದ? ಪತ್ರಿಕೆ ಮಳೆಗಾಲದಲ್ಲಿ ಕೆಲಸಕ್ಕೆ ಬಾರದು. ಗಾಳಿಯ ತೇವ ಹೀರಿ ಬಟ್ಟೆಯ ಹಾಗೆ ಜೋಲುತ್ತದೆ, ಮಡಿಕೆಯ ಗೆರೆ ನಿಲ್ಲುವುದಿಲ್ಲ. ಚಾರ್ಟ್ ಪೇಪರ್ ದಪ್ಪ, ಎಳೆ ಬೆರಳಿಗೆ ಬಗ್ಗುವುದಿಲ್ಲ. ಜೆರಾಕ್ಸ್ ಅಂಗಡಿಯ 80 ಜಿಎಸ್‌ಎಂ ಎ4 ಸರಿಯಾಗುತ್ತದೆ. ಒಂದು ಬದಿ ಪ್ರಿಂಟಾದದ್ದೂ ಆದೀತು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಡುಗೆ ಮನೆಯ ಒಣ ಕಪಾಟಿನಲ್ಲಿಡಿ. ಆಡಿಸುವಾಗ ಎರಡು ಮೂರು ಹಾಳೆ ಮಾತ್ರ ಹೊರಗೆ ತೆಗೆಯಿರಿ.

ಏನು ಮಡಚಿಸುವುದು? ವಿಮಾನ ಅಂತ ಎಲ್ಲರೂ ಶುರು ಮಾಡುತ್ತಾರೆ. ನನ್ನ ಪ್ರಕಾರ ಅದು ಮೊದಲ ಪಾಠ ಅಲ್ಲ. ಎರಡು ರೆಕ್ಕೆ ಸರಿಸಮ ಬರದಿದ್ದರೆ ಮೂಗು ನೆಲಕ್ಕೆ ಬಡಿಯುತ್ತದೆ, ಮಗು ಅಳುತ್ತದೆ. ನಾಯಿ ಮುಖ ಸುಲಭ. ಚೌಕ ಕಾಗದವನ್ನು ಓರೆಗೆ ಮಡಚಿ ತ್ರಿಕೋನ, ಎರಡು ಕಿವಿ ಕೆಳಗೆ, ಗಲ್ಲ ಹಿಂದಕ್ಕೆ. ನಾಲ್ಕು ಮಡಿಕೆ. ಕಿವಿ ಒಂದು ಉದ್ದ ಒಂದು ಗಿಡ್ಡ ಆದರೂ ನಾಯಿ ನಾಯಿಯೇ. ತಪ್ಪಿದರೂ ಕೆಡದ ಇಂಥ ಆಟವೇ ಮೊದಲಿಗೆ ಬೇಕು. ಅದಾದ ಮೇಲೆ ಲೋಟ. ಐದೇ ಮಡಿಕೆ, ಒಂದೆರಡು ನಿಮಿಷ ನಿಜವಾಗಿ ನೀರು ನಿಲ್ಲುತ್ತದೆ. ಪ್ರಿಂಟ್ ಇಲ್ಲದ ಕಾಗದದಲ್ಲೇ ಮಾಡಿಸಿ, ಕುಡಿದೇ ಕುಡಿಯುತ್ತಾರೆ.

ದೋಣಿ ಎಲ್ಲರಿಗೂ ಬೇಕು. ಅದರಲ್ಲಿ ಒಂದು ಗಂಟು ಉಂಟು. ಎ4 ಹಾಳೆಯನ್ನು ಅರ್ಧಕ್ಕೆ ಮಡಚಿ, ಎರಡು ಮೂಲೆ ನಡುವಿಗೆ ತಂದು, ಕೆಳಗಿನ ಪಟ್ಟಿಯನ್ನು ಎರಡೂ ಬದಿಗೆ ಮೇಲೆ ಮಡಚಿದರೆ ಟೊಪ್ಪಿ. ಇಲ್ಲಿವರೆಗೆ ಐದು ವರ್ಷದ ಮಗು ಬರುತ್ತದೆ. ಆಮೇಲೆ ಟೊಪ್ಪಿಯ ಬಾಯಿ ಅಗಲಿಸಿ ಚೌಕ ಮಾಡಬೇಕಲ್ಲ, ಎಲ್ಲ ಮಕ್ಕಳೂ ಸಿಕ್ಕಿಬೀಳುವುದು ಅಲ್ಲಿಯೇ. ಅಷ್ಟೂ ಹೊತ್ತು ಚಪ್ಪಟೆಯಾಗಿದ್ದ ಕಾಗದ ಅಲ್ಲಿ ತಟಕ್ಕನೆ ಚೀಲದ ಹಾಗಾಗುತ್ತದೆ. ಹಾಗಾಗಿ ಮೊದಲ ವಾರ ನಾನು ಟೊಪ್ಪಿಗೇ ನಿಲ್ಲಿಸಿದೆ. ಬೊಂಬೆಗೊಂದು, ಬೆಕ್ಕಿಗೊಂದು, ಅಜ್ಜಿಗೊಂದು ಟೊಪ್ಪಿ. ಮುಂದಿನ ವಾರ ಅವಳೇ ದೋಣಿ ಕೇಳಿದಳು, ಎರಡು ಸಲ ತೋರಿಸಿದ್ದು ಸಾಕಾಯಿತು.

ಮಡಚುವ ಮುಂಚೆ ಕಾಗದದ ಹೊರಬದಿಗೆ ಮೋಂಬತ್ತಿ ಉಜ್ಜಿದರೆ ದೋಣಿ ಬೇಗ ಮುಳುಗುವುದಿಲ್ಲ. ತೇಲಿಬಿಡಲು ಬಾಲ್ದಿ ಸಾಕು, ಹೆಚ್ಚೆಂದರೆ ಮಾಡಿನ ನೀರು ಬೀಳುವ ಜಾಗ. ತೋಡಿನ ಹತ್ತಿರ ಬೇಡವೇ ಬೇಡ. ರೆಡ್ ಅಲರ್ಟಿನ ದಿನ ಮೊಣಕಾಲು ನೀರಿನ ತೋಡೂ ಮಗುವನ್ನು ಎಳೆದುಕೊಂಡು ಹೋಗುತ್ತದೆ.

ಮಡಚುವ ಚಿತ್ರಗಳಲ್ಲಿ ತುಂಡು ತುಂಡು ಗೆರೆ, ಬಾಣದ ಗುರುತು ಇರುತ್ತದಲ್ಲ, ಅದನ್ನು ರೂಢಿಗೆ ತಂದವರು ಜಪಾನಿನ ಅಕಿರಾ ಯೋಶಿಜಾವಾ (1911–2005). ಭಾಷೆಯ ಹಂಗಿಲ್ಲದೆ ಓದಬಹುದು. ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಪಕ್ಕದ ಮನೆಯಲ್ಲಿ ತುಳು ಅಂತ ಬೆಳೆಯುವ ನಮ್ಮ ಮಕ್ಕಳಿಗೆ ಆ ಗೆರೆಗಳು ನಾಲ್ಕನೆಯ ಭಾಷೆ ಅಷ್ಟೆ.

ಕತ್ತರಿ

ನಾಲ್ಕರ ನಂತರ, ತುದಿ ಮೊಂಡಾದ ಕತ್ತರಿ, ಕೂತಲ್ಲೇ. ಮಗು ಎಡಚನಾದರೆ ಎಡಗೈ ಕತ್ತರಿಯೇ ಬೇಕು, ಮಾಮೂಲಿ ಕತ್ತರಿಯಲ್ಲಿ ಕಾಗದ ಕತ್ತರಿಸುವುದಿಲ್ಲ, ಮಡಚಿಕೊಳ್ಳುತ್ತದೆ. ತೇವ ಕುಡಿದ ಕಾಗದದಲ್ಲಿ ಬಲಗೈಯವರಿಗೂ ಅದೇ ಪಾಡು. ಅದಕ್ಕೆ ನಾನು ಕಂಡುಕೊಂಡದ್ದು ಹೇಳಿಕೆ ಕಾಗದ, ಅಂದರೆ ಆಮಂತ್ರಣ ಪತ್ರ. ಏಪ್ರಿಲ್, ಮೇ ತಿಂಗಳ ಮದುವೆ, ಉಪನಯನ, ಗೃಹಪ್ರವೇಶಗಳ ಕಟ್ಟು ಹೇಗೂ ಮನೆಯಲ್ಲಿ ಬಿದ್ದಿರುತ್ತದೆ. ದಪ್ಪ, ಗರಿಗರಿ, ಕತ್ತರಿಯ ಬಾಯಿಗೆ ಸರಕ್ಕನೆ ಸಿಗುತ್ತದೆ. ಎರಡು ಬೆರಳಗಲದ ಪಟ್ಟಿ ಮಾಡಿ ಕೊಟ್ಟರೆ ಒಂದೇ ಏಟಿಗೆ ಒಂದು ತುಂಡು. ಗೆರೆಯ ಮೇಲೆ ಕತ್ತರಿಸುವುದೆಲ್ಲ ಆಮೇಲೆ.

ಸರಪಳಿಯಾ, ಮೀನಾ ಅಂತ ಕೇಳಿದರೆ ಮೀನು ಅನ್ನುತ್ತೇನೆ. ಕಾಗದದ ಸರಪಳಿಗೆ ಅಂಟು ಬೇಕು, ಮಳೆಗಾಲದಲ್ಲಿ ರಾತ್ರಿ ಕಟ್ಟಿದ ತೋರಣ ಬೆಳಿಗ್ಗೆಗೆ ಬಿಚ್ಚಿಕೊಂಡು ಬಿದ್ದಿರುತ್ತದೆ. ಸ್ಟೇಪ್ಲರ್ ಹಾಕಿದರೆ ಪಿನ್ನಿನ ಕಾಟ. ಮೀನಿಗೆ ಅದು ಯಾವುದೂ ಬೇಡ. ಎ4 ಹಾಳೆಯಿಂದ ನಾಯಿ ಮುಖಕ್ಕೆ 21 ಸೆಂಟಿಮೀಟರಿನ ಚೌಕ ತೆಗೆದರೆ ಬದಿಯಲ್ಲಿ 8.7 ಸೆಂಟಿಮೀಟರ್ ಅಗಲದ ತುಂಡು ಉಳಿಯುತ್ತದೆ. ಅದರಲ್ಲಿ ಎರಡು ಸೆಂಟಿಮೀಟರ್ ಅಗಲದ ನಾಲ್ಕು ಉದ್ದ ಪಟ್ಟಿ. ಒಂದು ತುದಿಯ ಹತ್ತಿರ ಮೇಲಿನ ಅಂಚಿನಿಂದ ಅರ್ಧದವರೆಗೆ ಕತ್ತರಿಸಿ. ಇನ್ನೊಂದು ತುದಿಯ ಹತ್ತಿರ ಕೆಳಗಿನ ಅಂಚಿನಿಂದ ಅರ್ಧ. ಪಟ್ಟಿಯನ್ನು ಬಳೆಯ ಹಾಗೆ ತಂದು ಎರಡು ಸೀಳನ್ನು ಒಂದರೊಳಗೊಂದು ಸಿಕ್ಕಿಸಿದರೆ ಮೀನು. ಮೇಲಿನಿಂದ ಬಿಟ್ಟರೆ ಗಿರಗಿರ ತಿರುಗಿಕೊಂಡು ಇಳಿಯುತ್ತದೆ. ಮಗಳು ಕತ್ತರಿಸುವುದು, ಮಗ ಜಗಲಿಯ ಕಟ್ಟೆಯ ಮೇಲೆ ನಿಂತು ಬಿಡುವುದು. ಎರಡು ವಯಸ್ಸಿನ ಮಕ್ಕಳಿಗೆ ಒಂದೇ ಆಟ ಬೇಕಿದ್ದರೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಹೆಣೆಯುವುದು

ಇದನ್ನು ಯಾಕೋ ಯಾರೂ ಎಣಿಸುವುದಿಲ್ಲ. ಹಳೆ ಕ್ಯಾಲೆಂಡರಿನ ಹಾಳೆಯನ್ನು ಅರ್ಧಕ್ಕೆ ಮಡಚಿ, ಮಡಚಿದ ಕಡೆಯಿಂದ ಬೆರಳಗಲಕ್ಕೊಂದು ಸೀಳು, ಅಂಚಿಗೆ ಎರಡು ಬೆರಳು ಬಿಟ್ಟು. ಬಿಡಿಸಿದರೆ ಮಗ್ಗ ತಯಾರು. ಬೇರೆ ಬಣ್ಣದ ಪಟ್ಟಿಗಳನ್ನು ಒಂದು ಮೇಲೆ, ಒಂದು ಕೆಳಗೆ ಅಂತ ದಾಟಿಸುವುದು. ಐದರಿಂದ ಏಳರ ಮಕ್ಕಳಿಗೆ ಸರಿ. ಗಂಟೆಗಟ್ಟಲೆ ಕೂರುತ್ತಾರೆ.

ಕಷ್ಟ ಬರುವುದು ಎರಡನೆಯ ಸಾಲಿನಲ್ಲಿ. ಮೊದಲ ಸಾಲು ಮೇಲಿನಿಂದ ಶುರುವಾದರೆ ಎರಡನೆಯದು ಕೆಳಗಿನಿಂದ ಶುರುವಾಗಬೇಕು. ಮಗಳು ಮೂರು ಸಲ ತಪ್ಪಿದಳು, ಪಟ್ಟಿಗಳೆಲ್ಲ ಜಾರಿ ಒಟ್ಟಾದವು. ನಾನು ವಿವರಿಸಿ ವಿವರಿಸಿ ಸೋತೆ. ಅತ್ತೆ ವೀಳ್ಯದ ತಟ್ಟೆ ಪಕ್ಕಕ್ಕಿಟ್ಟು ಬಂದರು. ಮಳೆಗಾಲಕ್ಕೆ ಮುಂಚೆ ತೆಂಗಿನ ಮಡಲು (ಗರಿ) ಹೆಣೆದು ಹೆಣೆದು ಪಳಗಿದ ಕೈ ಅವರದ್ದು. ‘ಮಗೂ, ಹಿಂದಿನವ ಅಡಗಿದಲ್ಲಿ ನೀನು ಕಾಣಬೇಕು, ಅವ ಕಂಡಲ್ಲಿ ನೀನು ಅಡಗಬೇಕು’ ಅಂದರು. ಅಷ್ಟೇ. ಅಡಗಾಟ ಅಂತ ಗೊತ್ತಾದ ಮೇಲೆ ಅವಳು ತಪ್ಪಲಿಲ್ಲ.

ಜರ್ಮನಿಯಲ್ಲಿ 1837ರಲ್ಲಿ ಮೊದಲ ಕಿಂಡರ್‌ಗಾರ್ಟನ್ ಶುರು ಮಾಡಿದ ಫ್ರೋಬೆಲ್ ಕೂಡ ಸಣ್ಣ ಮಕ್ಕಳಿಗೆ ಕಾಗದ ಮಡಚುವುದು, ಕತ್ತರಿಸುವುದು, ಹೆಣೆಯುವುದು ಇಟ್ಟಿದ್ದರು. ಅತ್ತೆಗೆ ಹೇಳಿದೆ. ‘ಅವರಿಗೆ ಮಡಲು ಸಿಗಲಿಲ್ಲ ಕಾಣುತ್ತದೆ, ಪಾಪ’ ಅಂದರು.

ವೇಷ ಕಟ್ಟುವ ಮಕ್ಕಳಿಗೆ

ಯಕ್ಷಗಾನದ ಆಟ ನೋಡಿ ಬಂದ ಮರುದಿನ ಎಲ್ಲ ಮಕ್ಕಳಿಗೂ ವೇಷ ಬೇಕು. ಮುಖವಾಡ ಮಾಡಿದರೆ ಎರಡು ನಿಮಿಷ. ಸೆಕೆ, ಕಣ್ಣು ಕಾಣುವುದಿಲ್ಲ, ತೆಗೆದು ಬಿಸಾಡುತ್ತಾರೆ. ಕಿರೀಟ ಇಡೀ ದಿನ ತಲೆ ಮೇಲೆ ಇರುತ್ತದೆ. ಎ4 ಹಾಳೆ ತಲೆಗೆ ಸುತ್ತು ಬರುವುದಿಲ್ಲ. 22 ಇಂಚು ಅಗಲದ ಚಾರ್ಟ್ ಪೇಪರಿನ ಪಟ್ಟಿ ಅಂದರೆ ಸುಮಾರು 56 ಸೆಂಟಿಮೀಟರ್, ಸಣ್ಣ ಮಕ್ಕಳ ತಲೆಗೆ ಸುತ್ತಿ ಅಂಟಿಸಲೂ ಜಾಗ ಉಳಿಯುತ್ತದೆ. ಹೊಳೆಯುವುದಕ್ಕೆ ಹೇಳಿಕೆ ಕಾಗದದ ಬಂಗಾರದ ಅಂಚು ಸಾಕು.

ಗೊಂಬೆ ಆಡಿಸುವ ಮಕ್ಕಳಾದರೆ ಅಂಗಡಿಯ ಖಾಕಿ ಕವರ್ ನೋಡಿ. ಕೇರಳದಲ್ಲಿ 2020ರ ಜನವರಿ 1ರಿಂದ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ನಿಂತ ಮೇಲೆ ಕಾಗದದ ಕವರಿಗೆ ಬರ ಇಲ್ಲ. ಕವರಿನ ತಳದ ಮಡಿಕೆಯೇ ಬಾಯಿ. ಕೈ ಒಳಗೆ ಹಾಕಿ ಬೆರಳು ಆಡಿಸಿದರೆ ಗೊಂಬೆ ಮಾತಾಡುತ್ತದೆ. ಮೂರೂವರೆಯವನೂ ಆಡಿಸುತ್ತಾನೆ, ಕಣ್ಣು ಮೂಗು ಬರೆದು ಕೊಟ್ಟರೆ ಆಯಿತು.

ಬಲೂನಿನ ಮೇಲೆ ಪತ್ರಿಕೆಯ ಚೂರು, ಮೈದಾ ಅಂಟು ಮೆತ್ತಿ ಬುರುಡೆ ಮಾಡುವುದನ್ನು ಡಿಸೆಂಬರಿಗೆ ಇಟ್ಟುಕೊಳ್ಳಿ. ಜುಲೈಯಲ್ಲಿ ಒಣಗುವುದಿಲ್ಲ, ಬೂಸ್ಟು ಬರುತ್ತದೆ. ಒಡೆದ ಬಲೂನಿನ ಚೂರು ಸಣ್ಣ ಮಕ್ಕಳ ಗಂಟಲಿಗೆ ಅಪಾಯ, ಅದನ್ನು ಕೂಡಲೇ ಹೆಕ್ಕಬೇಕು. ಸಪೂರ ಕಾಗದದ ಪಟ್ಟಿ ಸುತ್ತಿ ಚಿತ್ರ ಮಾಡುವ ಕ್ವಿಲ್ಲಿಂಗ್ ಕಿಟ್ ಒಮ್ಮೆ ಆನ್‌ಲೈನಿನಲ್ಲಿ ತರಿಸಿದ್ದೆ. ಡಬ್ಬಿಯ ಮೇಲೆ 3 ವರ್ಷದ ಮೇಲಿನವರಿಗೆ ಅಂತ ಬರೆದಿತ್ತು. ಒಳಗೆ ನೂಲಿನಂಥ ಪಟ್ಟಿ, ಅಕ್ಕಿಕಾಳಿನಷ್ಟು ಅಂಟಿಸುವ ಕಣ್ಣು. ಸುತ್ತಲು ನನ್ನ ಬೆರಳಿಗೇ ಬರಲಿಲ್ಲ. ಕಣ್ಣುಗಳನ್ನು ಮಗನ ಬಾಯಿಗೆ ಹೋಗುವ ಮುಂಚೆ ಕಸಕ್ಕೆ ಹಾಕಿದೆ. ಎಂಟು ಹತ್ತು ವರ್ಷದವರಿದ್ದರೆ ನೋಡಬಹುದೇನೋ.

ನಿನ್ನೆ ರಾತ್ರಿ ಪುನಃ ಟಿಂಗ್ ಅಂದಿತು. ನಾಳೆಯೂ ರಜೆ. ಎ4 ಮುಗಿದಿತ್ತು, ಹೇಳಿಕೆ ಕಾಗದದ ಕಟ್ಟೂ ಕರಗಿತ್ತು. ಕ್ಯಾಲೆಂಡರಿನಲ್ಲಿ ಇನ್ನು ಹರಿದರೆ ಮುಂದಿನ ತಿಂಗಳ ಏಕಾದಶಿ ಗೊತ್ತಾಗುವುದಿಲ್ಲ ಅಂತ ಅತ್ತೆ ತಡೆದಿದ್ದರು. ಮಗಳು ಕಪಾಟಿನ ಮೇಲೆ ನೋಡಿದಳು.

‘ಅಮ್ಮಾ, ಆ ನವಿಲು ಹೇಗೂ ನಿನ್ನದೇ ಅಲ್ವಾ? ಅದರ ಗರಿ ತೆಗೆಯಲಾ? 28 ಮೀನು ಆಗುತ್ತದೆ.’

‘30 ಉಂಟು’ ಅಂದೆ.

‘ಎರಡು ನನ್ನದು. ಅದು ಅಲ್ಲೇ ಇರಲಿ.’